ಬಂಡಾಯಗಳಿಗೆ ಬರವಿಲ್ಲ, ಕ್ರಾಂತಿಕಾರಿ ಸಮಾಜವಾದಿ ರಾಜಕಾರಣ ಮಾತ್ರ ಏಕೆ ಚಿಗುರುತ್ತಿಲ್ಲ?

ಕೆಂಪುಶಾಯಿ (ಚರ್ಚೆ ಆರಂಭಿಸಿದವರು)

2008ರ ಸೆಪ್ಟೆಂಬರಿನಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿಯೆದ್ದಾಗ, ಬಂಡವಾಳಶಾಹಿಯ ಬಗ್ಗೆ ತಾವು ಹೇಳುತ್ತ ಬಂದದ್ದು ಇನ್ನಾದರೂ ಜನರಿಗೆ ಮನವರಿಕೆಯಾಗುತ್ತದೆಂದು ಸಮಾಜವಾದಿಗಳು ನಂಬಿದ್ದರು. ಮನವರಿಕೆಯೇನೋ ಆಯಿತು. ಅಲ್ಲಿಂದೀಚೆಗೆ ಯೂರೋಪಿನ ಸಾಲದ ಬಿಕ್ಕಟ್ಟು, ಕೋವಿಡ್ ಮಹಾಮಾರಿ, ಇಂಧನ ಮತ್ತು ಧಾನ್ಯಗಳ ಬೆಲೆಯೇರಿಕೆ, ಉಕ್ರೇನ್, ಸುಡಾನ್ ಮತ್ತು ಗಾಜಾದ ಯುದ್ಧಗಳು ಒಂದರ ಬೆನ್ನಿಗೊಂದು ಬಂದವು. 2024ರಲ್ಲಿ ಭೂಮಿಯ ಸರಾಸರಿ ತಾಪಮಾನವು ಕೈಗಾರಿಕಾಪೂರ್ವ ಮಟ್ಟಕ್ಕಿಂತ 1.5 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಏರಿತು. ಅದೇ ವರ್ಷ ಜಗತ್ತಿನ ಸೇನಾ ವೆಚ್ಚ 2.7 ಲಕ್ಷ ಕೋಟಿ ಡಾಲರ್ ದಾಟಿತು.

ಜನರೂ ಕೈಕಟ್ಟಿ ಕುಳಿತಿರಲಿಲ್ಲ. 2011ರಲ್ಲಿ ಟುನೀಷಿಯಾ ಮತ್ತು ಈಜಿಪ್ಟ್, 2019ರಲ್ಲಿ ಸುಡಾನ್ ಮತ್ತು ಚಿಲಿ, 2022ರಲ್ಲಿ ಶ್ರೀಲಂಕಾ, 2024ರಲ್ಲಿ ಬಾಂಗ್ಲಾದೇಶ, 2025ರಲ್ಲಿ ನೇಪಾಳ ಹೀಗೆ ಸಾಲುಸಾಲಾಗಿ ದೇಶಗಳು ದಂಗೆಯೆದ್ದವು. ಹಲವೆಡೆ ಆಳುವವರು ಪದವಿ ಬಿಟ್ಟಿಳಿದರು, ಕೆಲವರು ದೇಶವನ್ನೇ ಬಿಟ್ಟು ಓಡಿದರು. ಆದರೆ ಕಾರ್ಖಾನೆ, ಬ್ಯಾಂಕು, ಭೂಮಿ ಯಾರ ಕೈಯಲ್ಲಿರಬೇಕೆಂಬ ಪ್ರಶ್ನೆಯನ್ನು ಯಾವ ಬಂಡಾಯವೂ ತೀರ್ಮಾನಿಸಲಿಲ್ಲ. ಚಿಲಿಯಲ್ಲಂತೂ ಬಂಡಾಯದಿಂದ ಹುಟ್ಟಿದ ಹೊಸ ಸಂವಿಧಾನದ ಕರಡನ್ನು 2022ರಲ್ಲಿ ಶೇ. 62ರಷ್ಟು ಮತದಾರರೇ ತಿರಸ್ಕರಿಸಿದರು.

ಹಾಗಾದರೆ ಕ್ರಾಂತಿಕಾರಿ ಸಮಾಜವಾದಿ ರಾಜಕಾರಣವನ್ನು ಮತ್ತೆ ಕಟ್ಟುವವರು ಮೊದಲು ಕೈಹಾಕಬೇಕಾದದ್ದು ಯಾವುದಕ್ಕೆ? ಕಾರ್ಯಕ್ರಮಕ್ಕೋ, ಸಂಘಟನೆಗೋ, ದುಡಿಯುವ ಜನರ ನಡುವಿನ ಬೇರುಗಳಿಗೋ? "ವಸ್ತುನಿಷ್ಠ ಪರಿಸ್ಥಿತಿ ಪಕ್ವವಾಗಿದೆ" ಎಂಬಲ್ಲಿಗೆ ಉತ್ತರವನ್ನು ನಿಲ್ಲಿಸಬಾರದೆಂದು ಕೋರುತ್ತೇನೆ. ಅದು ಪಕ್ವವಾಗಿ ನೂರು ವರ್ಷ ಕಳೆದಿದೆ.

ಸಂಶಯಜೀವಿ

ಮತ್ತೆ ಕಟ್ಟಬೇಕಾದರೆ ಹಿಂದೊಮ್ಮೆ ಅದು ಇದ್ದಿರಬೇಕು. ಎಲ್ಲಿತ್ತು, ಯಾವಾಗ ಇತ್ತು ಎಂಬುದನ್ನು ಮೊದಲು ಯಾರಾದರೂ ತಿಳಿಸಬೇಕು.

ಇತಿಹಾಸಾಸಕ್ತೆ

ಖಂಡಿತ ಇತ್ತು. 1912ರ ಚುನಾವಣೆಯಲ್ಲಿ ಜರ್ಮನಿಯ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಶೇ. 34.8ರಷ್ಟು ಮತ ಪಡೆದು 397 ಸ್ಥಾನಗಳಲ್ಲಿ 110 ಗೆದ್ದಿತ್ತು. ಹತ್ತು ಲಕ್ಷ ಸದಸ್ಯರು, ಹತ್ತಾರು ದಿನಪತ್ರಿಕೆಗಳು, ಗ್ರಂಥಾಲಯಗಳು, ಗಾಯನ ಸಂಘಗಳು, ವ್ಯಾಯಾಮ ಕೂಟಗಳು ಅದರ ಸುತ್ತ ಬೆಳೆದಿದ್ದವು. ಯುದ್ಧ ಬಂದರೆ ಎಲ್ಲ ದೇಶಗಳ ಕಾರ್ಮಿಕರು ಅದನ್ನು ತಡೆಯುವರೆಂದು ಅದೇ ವರ್ಷ ಬಾಸೆಲ್ ಸಮಾವೇಶದಲ್ಲಿ ಸಮಾಜವಾದಿ ಪಕ್ಷಗಳ ಕೂಟವಾದ ಎರಡನೆಯ ಅಂತರರಾಷ್ಟ್ರೀಯ ಸಂಘಟನೆ ಘೋಷಿಸಿತ್ತು. 1914ರ ಆಗಸ್ಟ್ 4ರಂದು ಆ ಪಕ್ಷದ ಸಂಸದರು ಯುದ್ಧದ ಸಾಲಕ್ಕೆ ಒಪ್ಪಿಗೆ ನೀಡಿದರು. ಡಿಸೆಂಬರಿನಲ್ಲಿ ಎರಡನೆಯ ಸಾಲದ ಮತದಾನ ನಡೆದಾಗ ವಿರುದ್ಧವಾಗಿ ಮತ ಹಾಕಿದವರು ಕಾರ್ಲ್ ಲೀಬ್‌ಕ್ನೆಕ್ಟ್ ಒಬ್ಬರೇ.

ಸಣ್ಣ ಗುಂಪುಗಳ ಗೆಳೆಯರು ಇಷ್ಟಾದ ಮೇಲೆ ಸಾಮಾನ್ಯವಾಗಿ ಜಿಮ್ಮರ್‌ವಾಲ್ಡ್‌ನ ಕಥೆ ಹೇಳುತ್ತಾರೆ: 1915ರ ಸೆಪ್ಟೆಂಬರಿನಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹಳ್ಳಿಯಲ್ಲಿ ಯುದ್ಧವಿರೋಧಿ ಸಮಾಜವಾದಿಗಳ ಕೇವಲ 38 ಪ್ರತಿನಿಧಿಗಳು ಸೇರಿದ್ದರು, ಎರಡೇ ವರ್ಷಗಳಲ್ಲಿ ರಷ್ಯಾದಲ್ಲಿ ಕ್ರಾಂತಿಯಾಯಿತು, ಆದ್ದರಿಂದ ಸಂಖ್ಯೆ ಮುಖ್ಯವಲ್ಲ ಎಂದು. ಈ ವಾದ ನನಗೆ ಒಪ್ಪಿಗೆಯಾಗದು. ಆ 38 ಜನ ಲಕ್ಷಾಂತರ ಕಾರ್ಮಿಕರು ಈಗಾಗಲೇ ಸಂಘಟಿತರಾಗಿದ್ದ, ಸಮಾಜವಾದದ ಮಾತು ದಿನಬಳಕೆಯ ಮಾತಾಗಿದ್ದ ಪರಿಸರದಿಂದ ಬಂದಿದ್ದರು. ಅವರು ಒಡೆದು ಹೊರಬರಲು ಅಲ್ಲೊಂದು ದೊಡ್ಡ ಪಕ್ಷವಿತ್ತು. ಅಂಥ ಪರಿಸರವೇ ಇಲ್ಲದ ಕಡೆ 38 ಜನ ಸೇರಿ ನಿರ್ಣಯ ಬರೆದರೆ ಅದನ್ನು ಓದುವವರೂ ಆ 38 ಜನರೇ.

ಹಳೆಯ ಸಂಘಟಕ

ಮೇಲಿನ ಮಾತನ್ನು ಒಪ್ಪುತ್ತ, ಹತ್ತಿರದ ಕಾಲದ ಒಂದು ಹೋಲಿಕೆಯನ್ನು ಮುಂದಿಡುತ್ತೇನೆ. ಟುನೀಷಿಯಾದಲ್ಲಿ 1946ರಲ್ಲೇ ಹುಟ್ಟಿದ ಯುಜಿಟಿಟಿ ಎಂಬ ಕಾರ್ಮಿಕ ಒಕ್ಕೂಟವಿತ್ತು. ಮೇಲ್ಮಟ್ಟದ ನಾಯಕರು ಸರ್ಕಾರದೊಡನೆ ಹೊಂದಿಕೊಂಡಿದ್ದರೂ ಜಿಲ್ಲಾ ಮಟ್ಟದ ಕಾರ್ಯಕರ್ತರು 2011ರ ಜನವರಿಯಲ್ಲಿ ಸ್ಫಾಕ್ಸ್‌ನಲ್ಲಿ, ಆಮೇಲೆ ರಾಜಧಾನಿಯಲ್ಲಿ ಮುಷ್ಕರ ಹೂಡಿದರು, ಜನವರಿ 14ರಂದು ಅಧ್ಯಕ್ಷ ಬೆನ್ ಅಲಿ ದೇಶ ಬಿಟ್ಟರು. ಈಜಿಪ್ಟಿನಲ್ಲೂ ಮುಷ್ಕರಗಳಿಗೆ ಕೊರತೆಯಿರಲಿಲ್ಲ. ಮಹಲ್ಲಾದ ಜವಳಿ ಗಿರಣಿಯಲ್ಲಿ 2006ರಲ್ಲೇ 20 ಸಾವಿರಕ್ಕೂ ಹೆಚ್ಚು ಕಾರ್ಮಿಕರು ಕೆಲಸ ನಿಲ್ಲಿಸಿದ್ದರು, ಅಧ್ಯಕ್ಷ ಮುಬಾರಕ್ ಇಳಿಯುವ ಮುಂಚಿನ ಕೆಲವು ದಿನಗಳಲ್ಲಿ ದೇಶದುದ್ದಕ್ಕೂ ಮುಷ್ಕರ ಹಬ್ಬಿತ್ತು. ಆದರೆ ಅಲ್ಲಿನ ಸ್ವತಂತ್ರ ಕಾರ್ಮಿಕ ಸಂಘಗಳ ಒಕ್ಕೂಟ ಘೋಷಣೆಯಾದದ್ದು 2011ರ ಜನವರಿ 30ರಂದು, ತಹ್ರೀರ್ ಚೌಕದಲ್ಲಿ, ಬಂಡಾಯ ಆರಂಭವಾದ ಮೇಲೆ. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಹಾಗಾಯಿತು. ದೇಶವ್ಯಾಪಿ ಸಂಘಟನೆಯಿದ್ದದ್ದು ಸೈನ್ಯಕ್ಕೆ ಮತ್ತು ಮುಸ್ಲಿಂ ಬ್ರದರ್‌ಹುಡ್‌ಗೆ ಮಾತ್ರ. ಹಾಗಾಗಿ ಮುಂದಿನ ಜಗಳವೆಲ್ಲ ಅವರಿಬ್ಬರ ನಡುವೆ ನಡೆದು, 2013ರ ಜುಲೈನಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡಿತು.

ಸಂಶಯಜೀವಿ

ಟುನೀಷಿಯಾದಲ್ಲೂ 2021ರ ಜುಲೈ 25ರಂದು ಅಧ್ಯಕ್ಷ ಕೈಸ್ ಸಯೀದ್ ಸಂಸತ್ತನ್ನು ಅಮಾನತಿನಲ್ಲಿಟ್ಟು ಎಲ್ಲ ಅಧಿಕಾರವನ್ನೂ ಕೈಗೆತ್ತಿಕೊಂಡರಲ್ಲ? ನೊಬೆಲ್ ಶಾಂತಿ ಪ್ರಶಸ್ತಿಯಲ್ಲಿ ಪಾಲು ಪಡೆದ ನಿಮ್ಮ ಒಕ್ಕೂಟ ಅದನ್ನು ತಡೆಯಲಿಲ್ಲ.

ಹಳೆಯ ಸಂಘಟಕ

ತಡೆಯಲಿಲ್ಲ. ಹತ್ತು ವರ್ಷ ಎಲ್ಲ ಸರ್ಕಾರಗಳ ನಡುವೆ ಮಧ್ಯಸ್ಥಿಕೆ ವಹಿಸಿದ ಒಕ್ಕೂಟ ತಾನೇ ಒಂದು ದಾರಿಯನ್ನು ಜನರ ಮುಂದಿಡಲಿಲ್ಲ. ಕಾರ್ಮಿಕ ಸಂಘವಿದ್ದರೆ ಸಾಕು, ಪಕ್ಷ ಬೇಡ ಎಂದು ನಾನು ಹೇಳಿಲ್ಲ.

ಅಲೆಮಾರಿ

ಪಕ್ಷ ಪಕ್ಷ ಎಂದು ಜಪಿಸುವವರು ಸುಡಾನಿನತ್ತ ಒಮ್ಮೆ ನೋಡಬೇಕು. ಅಲ್ಲಿ ಬಡಾವಣೆಗಳ ಪ್ರತಿರೋಧ ಸಮಿತಿಗಳು ಅಧ್ಯಕ್ಷ ಬಷೀರ್ ಆಡಳಿತದ ಕೊನೆಯ ವರ್ಷಗಳಲ್ಲಿ ಗುಟ್ಟಾಗಿ ಬೆಳೆದವು, 2018ರ ಡಿಸೆಂಬರಿನ ನಂತರ ನಗರನಗರಗಳಿಗೆ ಹಬ್ಬಿದವು. 2021ರ ಅಕ್ಟೋಬರಿನ ಸೇನಾ ಕ್ಷಿಪ್ರಕ್ರಾಂತಿಯ ನಂತರ ತಿಂಗಳುಗಟ್ಟಲೆ ಬೀದಿಯಲ್ಲಿ ನಿಂತವರೂ, ತಳಮಟ್ಟದಿಂದ ಮೇಲಕ್ಕೆ ಅಧಿಕಾರ ಕಟ್ಟುವ ಸನ್ನದುಗಳನ್ನು ಸಭೆಸಭೆಗಳಲ್ಲಿ ಚರ್ಚಿಸಿ ಬರೆದವರೂ ಈ ಸಮಿತಿಗಳವರೇ. 2023ರ ಏಪ್ರಿಲ್ 15ರಂದು ಎರಡು ಸೇನೆಗಳು ಪರಸ್ಪರ ಯುದ್ಧಕ್ಕಿಳಿದ ಮೇಲೆ ಜನರಿಗೆ ಗಂಜಿ, ಔಷಧ ಒದಗಿಸಿದ ತುರ್ತು ನೆರವಿನ ಕೇಂದ್ರಗಳೂ ಬಹುಮಟ್ಟಿಗೆ ಈ ಜಾಲದಿಂದಲೇ ಎದ್ದವು. ಕೇಂದ್ರ ಸಮಿತಿಯಿಲ್ಲದೆ ನಡೆದ ಈ ಕೆಲಸವನ್ನು ಸಂಘಟನೆ ಎನ್ನದಿದ್ದರೆ ಇನ್ನಾವುದನ್ನು ಎನ್ನುತ್ತೀರಿ?

ಕೆಂಪುಶಾಯಿ

ಅಲೆಮಾರಿಯವರೇ, ಆ ಸಮಿತಿಗಳ ಬಗ್ಗೆ ನನಗೂ ಅಪಾರ ಗೌರವವಿದೆ. ಆದರೆ 2019ರ ಜೂನ್ 3ರಂದು ಖಾರ್ಟೂಮಿನ ಧರಣಿಯ ಮೇಲೆ ಹತ್ಯಾಕಾಂಡ ನಡೆದ ಎರಡೂವರೆ ತಿಂಗಳಿಗೆ, ಆಗಸ್ಟ್ 17ರಂದು, ಸೈನ್ಯದೊಡನೆ ಅಧಿಕಾರ ಹಂಚಿಕೊಳ್ಳುವ ದಾಖಲೆಗೆ ಸಹಿ ಹಾಕಿದವರು ಯಾರು? ಬೀದಿಯಲ್ಲಿ ರಕ್ತ ಚೆಲ್ಲಿದವರು ಸಮಿತಿಗಳವರು, ಮೇಜಿನ ಮುಂದೆ ಕುಳಿತವರು ವಿರೋಧ ಪಕ್ಷಗಳ ಮತ್ತು ವೃತ್ತಿಪರರ ಒಕ್ಕೂಟದ ನಾಯಕರು. ಸಮಿತಿಗಳ ಹೆಸರಿನಲ್ಲಿ "ಆಗದು" ಎಂದು ದೇಶಕ್ಕೆಲ್ಲ ಕೇಳುವಂತೆ ಹೇಳಿ, ಸಾಮಾನ್ಯ ಸೈನಿಕರನ್ನು ಅಧಿಕಾರಿಗಳಿಂದ ಬೇರ್ಪಡಿಸುವ ಕೆಲಸಕ್ಕೆ ಕೈಹಾಕುವ ರಾಜಕೀಯ ಶಕ್ತಿ ಇರಲಿಲ್ಲ. ನಾನು ಕೇಳುತ್ತಿರುವುದು ಆ ಶಕ್ತಿಯ ಬಗ್ಗೆ.

ಅಲೆಮಾರಿ

ಅಂಥ ಶಕ್ತಿಯಿದ್ದಿದ್ದರೆ ಅದೂ ಮೇಜಿನ ಮುಂದೆ ಹೋಗಿ ಕುಳಿತುಕೊಳ್ಳುತ್ತಿರಲಿಲ್ಲವೆಂಬುದಕ್ಕೆ ಯಾರು ಹೊಣೆ?

ಲೆಕ್ಕಿಗ

ಗ್ರೀಸ್ ಈ ಪ್ರಶ್ನೆಗೆ ಒಳ್ಳೆಯ ಪರೀಕ್ಷೆ. ಸಾಲ ಕೊಟ್ಟವರ ಮಿತವ್ಯಯದ ಷರತ್ತುಗಳನ್ನು ವಿರೋಧಿಸುತ್ತಿದ್ದ ಎಡಪಕ್ಷ ಸಿರಿಜಾ 2015ರ ಜನವರಿಯಲ್ಲಿ ಗೆದ್ದಿತು. ಜೂನ್ 29ರಿಂದ ಬ್ಯಾಂಕುಗಳು ಮುಚ್ಚಿದವು, ಎಟಿಎಂನಿಂದ ದಿನಕ್ಕೆ 60 ಯೂರೋ ಮಾತ್ರ ತೆಗೆಯಬಹುದಾಗಿತ್ತು. ಅಂಥ ಸ್ಥಿತಿಯಲ್ಲೂ ಜುಲೈ 5ರ ಜನಮತಗಣನೆಯಲ್ಲಿ ಶೇ. 61.3ರಷ್ಟು ಜನ ಸಾಲ ಕೊಟ್ಟವರ ಷರತ್ತುಗಳನ್ನು ತಿರಸ್ಕರಿಸಿದರು. ಜುಲೈ 13ರಂದು ಸಿರಿಜಾದ ಪ್ರಧಾನಿ ಸಿಪ್ರಾಸ್ ಅವರ ಸರ್ಕಾರ ಹೆಚ್ಚುಕಡಿಮೆ ಅವೇ ಷರತ್ತುಗಳಿಗೆ ತಲೆಬಾಗಿತು.

ಇದನ್ನು ದ್ರೋಹವೆಂದು ಕರೆದು ಮುಂದೆ ಸಾಗುವುದು ಸುಲಭ, ಹಾಗೆ ಕರೆಯಲು ನನಗೂ ಅಡ್ಡಿಯಿಲ್ಲ. ಆದರೆ ಎಡಗಡೆಯಿಂದ ಟೀಕಿಸುತ್ತಿದ್ದವರ ಬಳಿ, ಯೂರೋಪಿನ ಕೇಂದ್ರ ಬ್ಯಾಂಕ್ ನಗದು ನಿಲ್ಲಿಸಿದರೆ ಮರುದಿನ ಸಂಬಳ ಹೇಗೆ ಪಾವತಿಯಾಗುತ್ತದೆ, ಔಷಧದ ಆಮದಿಗೆ ಹಣ ಎಲ್ಲಿಂದ ಬರುತ್ತದೆ, ಬ್ಯಾಂಕುಗಳ ಆಡಳಿತವನ್ನು ಅಲ್ಲಿನ ನೌಕರರ ಯಾವ ಸಂಘ ವಹಿಸಿಕೊಳ್ಳುತ್ತದೆ ಎಂಬುದಕ್ಕೆ ಜನರು ನಂಬುವಂಥ ಸಿದ್ಧತೆ ಇತ್ತೇ? ಸಿರಿಜಾದಿಂದ ಸಿಡಿದು ಹೊರಬಂದ ಜನಪ್ರಿಯ ಏಕತೆ ಪಕ್ಷ ಸೆಪ್ಟೆಂಬರಿನ ಚುನಾವಣೆಯಲ್ಲಿ ಶೇ. 2.9ರಷ್ಟು ಮತ ಪಡೆದು, ಶೇ. 3ರ ಮಿತಿಯನ್ನು ದಾಟಲಾರದೆ ಸಂಸತ್ತಿನಿಂದ ಹೊರಗುಳಿಯಿತು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು. ಕಾರ್ಯಕ್ರಮವೆಂದರೆ ಪ್ರಣಾಳಿಕೆಯ ಹಾಳೆಯೆಂದು ತಿಳಿದವರು ಈ ಎರಡು ವಾರಗಳನ್ನು ದಿನದಿನಕ್ಕೂ ಓದಿಕೊಳ್ಳಬೇಕು.

ಮುದ್ರಕ

ಬ್ಯಾಂಕಿನ ಮಾತು ಬಂದದ್ದಕ್ಕೆ ಹೇಳುತ್ತೇನೆ: ನಗರದ ಆಡಳಿತವನ್ನು ಕಾರ್ಮಿಕರೇ ಹಿಡಿದ ಪ್ಯಾರಿಸ್ ಕಮ್ಯೂನ್ ಮೂರು ತಿಂಗಳು ನಡೆದಾಗಲೂ ಬ್ಯಾಂಕ್ ಆಫ್ ಫ್ರಾನ್ಸನ್ನು ಮುಟ್ಟಲಿಲ್ಲ, ಅದರಿಂದ ಸಾಲ ಕೇಳಿತು. ಅದೇ ಬ್ಯಾಂಕಿನಿಂದ ಕಮ್ಯೂನನ್ನು ಹತ್ತಿಕ್ಕಿದ ವರ್ಸೇಲ್ಸ್ ಸರ್ಕಾರಕ್ಕೆ ಎಷ್ಟೋ ಪಟ್ಟು ಹೆಚ್ಚು ಹಣ ಹರಿಯಿತು.

ಇತಿಹಾಸಾಸಕ್ತೆ

ಮೂರು ತಿಂಗಳಲ್ಲ, ಮುದ್ರಕರೇ. 1871ರ ಮಾರ್ಚ್ 18ರಿಂದ ಮೇ 28ರವರೆಗೆ, ಸಾಮಾನ್ಯವಾಗಿ 72 ದಿನಗಳೆಂದು ಎಣಿಸುತ್ತಾರೆ. ಬ್ಯಾಂಕಿನ ವಿಷಯದಲ್ಲಿ ನಿಮ್ಮ ಮಾತು ಸರಿ.

ಸಂಶಯಜೀವಿ

ಶ್ರೀಲಂಕಾದಲ್ಲಿ ಆಮೇಲೆ ನಡೆದದ್ದನ್ನು ಯಾರೂ ಎತ್ತುತ್ತಿಲ್ಲವೇಕೆ? 1971ರಲ್ಲೂ 1987–89ರಲ್ಲೂ ಸಶಸ್ತ್ರ ಬಂಡಾಯ ನಡೆಸಿದ ಎಡಪಕ್ಷ ಜೆವಿಪಿ, ತನ್ನ ನೇತೃತ್ವದ ರಾಷ್ಟ್ರೀಯ ಜನಶಕ್ತಿ ಮೈತ್ರಿಕೂಟದ ಮೂಲಕ 2020ರಲ್ಲಿ ಗೆದ್ದದ್ದು ಮೂರು ಸ್ಥಾನ. 2024ರ ನವೆಂಬರಿನಲ್ಲಿ ಅದೇ ಕೂಟ 225ರಲ್ಲಿ 159 ಸ್ಥಾನ ಗೆದ್ದಿತು, ಅದಕ್ಕೂ ಮುನ್ನ ಅದರ ನಾಯಕ ಅನುರ ಕುಮಾರ ದಿಸ್ಸನಾಯಕೆ ಅಧ್ಯಕ್ಷರಾಗಿದ್ದರು. ಹಿಂದಿನ ಸರ್ಕಾರ ಐಎಂಎಫ್‌ನೊಡನೆ ಮಾಡಿಕೊಂಡಿದ್ದ ಸುಮಾರು 300 ಕೋಟಿ ಡಾಲರ್ ಸಾಲದ ಒಪ್ಪಂದವನ್ನು ಈ ಸರ್ಕಾರವೂ ಮುಂದುವರಿಸಿದೆ. ಇದು ಮರುನಿರ್ಮಾಣವೋ ಸಮಾರಂಭಪೂರ್ವಕ ವಿಸರ್ಜನೆಯೋ, ತಿಳಿದವರು ಹೇಳಲಿ.

ಮಿತಭಾಷಿ

ಸರ್ಕಾರ ಹಿಡಿಯುವುದಕ್ಕೂ ಅಧಿಕಾರ ಹಿಡಿಯುವುದಕ್ಕೂ ಇರುವ ಅಂತರವನ್ನು ಚಿಲಿಯ ಜನ ಅಲೆಂದೆಯವರ ಚುನಾಯಿತ ಸಮಾಜವಾದಿ ಸರ್ಕಾರವನ್ನು ಸೇನೆ ಉರುಳಿಸಿದ 1973ರ ಸೆಪ್ಟೆಂಬರ್ 11ರಂದು ಪ್ರಾಣ ತೆತ್ತು ಕಲಿತರು.

ಕೆಂಪುಶಾಯಿ

ಆ ಚಿಲಿಯಲ್ಲೇ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. 1972ರ ಅಕ್ಟೋಬರಿನಲ್ಲಿ ಲಾರಿ ಮಾಲೀಕರು ಸಾಗಣೆ ನಿಲ್ಲಿಸಿ ಅಲೆಂದೆ ಸರ್ಕಾರವನ್ನು ಉಸಿರುಗಟ್ಟಿಸಲು ಹೊರಟಾಗ, ಕಾರ್ಖಾನೆ ವಲಯಗಳ ಕಾರ್ಮಿಕರು ಕೋರ್ಡೋನ್ ಎಂಬ ಸಮನ್ವಯ ಸಮಿತಿಗಳನ್ನು ಕಟ್ಟಿ ಉತ್ಪಾದನೆ ಮತ್ತು ಹಂಚಿಕೆಯನ್ನು ತಾವೇ ನಡೆಸಿದರು. ಸರ್ಕಾರ ಇವುಗಳನ್ನು ನೆಚ್ಚಿಕೊಳ್ಳಲಿಲ್ಲ. ಸೇನಾಧಿಕಾರಿಗಳನ್ನು ಸಂಪುಟಕ್ಕೆ ಕರೆತಂದಿತು. ಲೆಕ್ಕಿಗರು ಕೇಳಿದ "ಯಾವ ಸಂಘ ವಹಿಸಿಕೊಳ್ಳುತ್ತದೆ" ಎಂಬ ಪ್ರಶ್ನೆಗೆ ಉತ್ತರದ ಮೊಳಕೆ ಅಲ್ಲಿತ್ತು.

ಗಣಿಕಾರ್ಮಿಕನ ಮಗ

ಬೇರು, ತಳಮಟ್ಟ ಎಂದು ಎಲ್ಲರೂ ಹೇಳುತ್ತಿದ್ದೀರಿ. ದಕ್ಷಿಣ ಆಫ್ರಿಕಾದಲ್ಲಿ 2012ರ ಆಗಸ್ಟ್ 16ರಂದು ಮಾರಿಕಾನದಲ್ಲಿ ಪೊಲೀಸರು 34 ಗಣಿ ಕಾರ್ಮಿಕರನ್ನು ಗುಂಡಿಟ್ಟು ಕೊಂದ ಮೇಲೆ, ಲೋಹ ಕಾರ್ಮಿಕರ ಸಂಘವಾದ ನುಮ್ಸಾ ಆಳುವ ಪಕ್ಷಕ್ಕೆ ಬೆಂಬಲ ನಿಲ್ಲಿಸಿತು, ಅದಕ್ಕಾಗಿ 2014ರಲ್ಲಿ ಕಾರ್ಮಿಕ ಸಂಘಗಳ ಕೊಸಾಟು ಒಕ್ಕೂಟದಿಂದ ಉಚ್ಚಾಟಿತವಾಯಿತು. ಮೂರು ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದ ಆ ಸಂಘದ ಬೆಂಬಲದಿಂದ ಹುಟ್ಟಿದ ಸಮಾಜವಾದಿ ಕ್ರಾಂತಿಕಾರಿ ಕಾರ್ಮಿಕರ ಪಕ್ಷ 2019ರ ಚುನಾವಣೆಯಲ್ಲಿ ಪಡೆದದ್ದು ಸುಮಾರು 24 ಸಾವಿರ ಮತ, ಸ್ಥಾನ ಒಂದೂ ಇಲ್ಲ. ಸಂಬಳದ ವಿಷಯದಲ್ಲಿ ತಮ್ಮ ಸಂಘವನ್ನು ನಂಬುವ ಕಾರ್ಮಿಕರು ಅದೇ ಸಂಘದ ನಾಯಕರು ಮೇಲಿನಿಂದ ಘೋಷಿಸಿದ ಪಕ್ಷವನ್ನು ನಂಬಬೇಕೆಂದಿಲ್ಲ. ಚುನಾವಣೆ ಹೊಸ್ತಿಲಿಗೆ ಬಂದಾಗ ಪಕ್ಷದ ಬಾವುಟ ಹಾರಿಸಿದರೆ ಆಗುವುದು ಅಷ್ಟೇ.

ವಸುಧಾ

ಆಸ್ಟ್ರಿಯದ ಗ್ರಾಜ್ ನಗರದ ಕಮ್ಯುನಿಸ್ಟರು ಅದಕ್ಕೆ ತದ್ವಿರುದ್ಧವಾದ ದಾರಿ ಹಿಡಿದರು. ಚುನಾಯಿತ ಪ್ರತಿನಿಧಿಗಳು ತಮ್ಮ ಸಂಬಳದಲ್ಲಿ ಒಬ್ಬ ಕುಶಲ ಕಾರ್ಮಿಕನ ವೇತನದಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಕಷ್ಟದಲ್ಲಿರುವವರಿಗೆ ಕೊಡುತ್ತ, ಬಾಡಿಗೆದಾರರ ಹೋರಾಟದಲ್ಲಿ ದಶಕಗಳ ಕಾಲ ನಿಂತರು. 2021ರಲ್ಲಿ ಅವರು ಶೇ. 28.8ರಷ್ಟು ಮತ ಗಳಿಸಿ ಮೊದಲ ಸ್ಥಾನಕ್ಕೆ ಬಂದರು, ಎಲ್ಕೆ ಕಾರ್ ಮೇಯರ್ ಆದರು. ಬೆಲ್ಜಿಯಮ್ಮಿನ ಕಾರ್ಮಿಕರ ಪಕ್ಷ 1970ರ ದಶಕದಿಂದಲೂ ಉಚಿತ ಚಿಕಿತ್ಸಾಲಯಗಳನ್ನು ನಡೆಸುತ್ತ ಬಂದಿದೆ. 2024ರಲ್ಲಿ 150 ಸ್ಥಾನಗಳ ಸಂಸತ್ತಿನಲ್ಲಿ 15 ಗೆದ್ದಿತು. ಜರ್ಮನಿಯಲ್ಲಿ ಮುಗಿದೇಹೋಯಿತೆಂದು ಎಲ್ಲರೂ ಷರಾ ಬರೆದಿದ್ದ ಎಡಪಕ್ಷ ಡಿ ಲಿಂಕೆ ಮನೆಮನೆಯ ಬಾಗಿಲು ತಟ್ಟಿ, ಬಾಡಿಗೆ ಮತ್ತು ಮನೆ ಬಿಸಿಮಾಡುವ ಖರ್ಚಿನ ಲೆಕ್ಕ ಪರಿಶೀಲಿಸಿಕೊಟ್ಟು, 2025ರ ಫೆಬ್ರವರಿಯಲ್ಲಿ ಶೇ. 8.8ಕ್ಕೆ ಏರಿತು.

ಅಲೆಮಾರಿ

ಇದು ದಾನಧರ್ಮ. ಕ್ರಾಂತಿಯ ಮಾತು ಇದರಲ್ಲಿ ಎಲ್ಲಿದೆ?

ವಸುಧಾ

ಬಾಡಿಗೆ ಕಟ್ಟಲಾಗದವರ ಮನೆಗೆ ಒಮ್ಮೆಯೂ ಹೋಗದವರ ಭಾಷಣದಲ್ಲಿ ಕ್ರಾಂತಿಯ ಮಾತು ಬೇಕಾದಷ್ಟು ಸಿಗುತ್ತದೆ. ಆದರೂ ನಿಮ್ಮ ಪ್ರಶ್ನೆಯಲ್ಲಿ ಹುರುಳಿದೆಯೆಂದು ಒಪ್ಪುತ್ತೇನೆ. ನೆರವು ಪಡೆದವರು ಮುಂದಿನ ಸಭೆಯನ್ನು ತಾವೇ ನಡೆಸುವಂತಾದರೆ ಅದು ರಾಜಕಾರಣ. ಮುಂದಿನ ತಿಂಗಳೂ ಕೈಚಾಚಿ ಬಂದರೆ ಅದು ಧರ್ಮಛತ್ರ. ಗ್ರಾಜ್‌ನಲ್ಲಿ ಎರಡೂ ನಡೆದಿವೆಯೆಂದು ನನ್ನ ತಿಳಿವಳಿಕೆ.

ಬಂದರಿನವನು

ವಾಸದ ಬಡಾವಣೆ ಮುಖ್ಯ, ಆದರೆ ದುಡಿಮೆಯ ಜಾಗವನ್ನು ಇಷ್ಟು ಬೇಗ ಕೈಬಿಡಬೇಡಿ. ಅಮೆರಿಕದಲ್ಲಿ 1950ರ ದಶಕದಲ್ಲಿ ಮೂವರಲ್ಲಿ ಒಬ್ಬ ನೌಕರ ಸಂಘದ ಸದಸ್ಯನಾಗಿದ್ದ. 2024ರಲ್ಲಿ ಹತ್ತರಲ್ಲಿ ಒಬ್ಬನೂ ಪೂರ್ತಿಯಿಲ್ಲ. ಜಗತ್ತಿನ ದುಡಿಯುವವರಲ್ಲಿ ಶೇ. 60ಕ್ಕೂ ಹೆಚ್ಚು, ಅಂದರೆ ಸುಮಾರು 200 ಕೋಟಿ ಜನ, ಅಸಂಘಟಿತ ವಲಯದಲ್ಲಿದ್ದಾರೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಹೇಳುತ್ತದೆ. ಇದನ್ನು ಓದಿ ಕಾರ್ಮಿಕ ವರ್ಗವೇ ಕರಗಿಹೋಯಿತೆಂದು ಅಳುವವರು, ಸರಕು ಸಾಗಣೆಯ ಕೊಂಡಿಗಳು ಎಷ್ಟು ಬಿಗಿಯಾಗಿವೆ, ಆದ್ದರಿಂದಲೇ ಎಷ್ಟು ಸುಲಭವಾಗಿ ಕಡಿಯಬಲ್ಲವು ಎಂಬುದನ್ನು ಮರೆಯುತ್ತಾರೆ. ಇಟಲಿಯ ಜಿನೋವಾದ ಬಂದರು ಕಾರ್ಮಿಕರು 2019ರಲ್ಲಿ ಸೌದಿ ಹಡಗೊಂದಕ್ಕೆ ಸೇನಾ ಸಾಮಗ್ರಿ ತುಂಬಲು ಒಪ್ಪಲಿಲ್ಲ. ಅದು ಬೆರಳೆಣಿಕೆಯ ಜನರ ಹಟವೆಂದು ಆಗ ಅನೇಕರು ನಕ್ಕಿದ್ದರು. 2025ರ ಸೆಪ್ಟೆಂಬರ್ 22ರಂದು ಗಾಜಾಕ್ಕಾಗಿ ಇಟಲಿಯಾದ್ಯಂತ ಮುಷ್ಕರ ನಡೆದಾಗ ಮುಂಚೂಣಿಯಲ್ಲಿದ್ದ ಬಂದರುಗಳಲ್ಲಿ ಜಿನೋವಾ ಒಂದು. ನಡುವಿನ ಆರು ವರ್ಷ ಅವರು ಚದುರದೆ ಉಳಿದರು ಎಂಬುದೇ ಇದರಲ್ಲಿ ನನಗೆ ಕಾಣುವ ಮುಖ್ಯ ಸಂಗತಿ.

ಫ್ಲಾರೆನ್ಸ್ ಬಳಿಯ ಜಿಕೆಎನ್ ಕಾರ್ಖಾನೆಯೂ ಹಾಗೆಯೇ. 2021ರ ಜುಲೈ 9ರಂದು 422 ಕಾರ್ಮಿಕರನ್ನು ಇಮೇಲ್ ಮೂಲಕ ವಜಾ ಮಾಡಿದಾಗ ಅವರು ಕಾರ್ಖಾನೆಯೊಳಗೇ ಸಭೆ ಹೂಡಿ ಕುಳಿತರು. ಕಾರಿನ ಬಿಡಿಭಾಗಗಳ ಬದಲು ಸೌರಫಲಕ ಮತ್ತು ಸರಕು ಸೈಕಲ್ ತಯಾರಿಸುವ ಯೋಜನೆಯನ್ನು ಹವಾಮಾನ ಚಳವಳಿಯವರೊಡನೆ ಸೇರಿ ರೂಪಿಸಿದರು.

ಲೆಕ್ಕಿಗ

ಬ್ರಿಟನ್ನಿನ ಲೂಕಾಸ್ ಏರೋಸ್ಪೇಸ್ ಕಾರ್ಮಿಕರು 1976ರಲ್ಲೇ ಶಸ್ತ್ರಾಸ್ತ್ರದ ಬದಲು ತಯಾರಿಸಬಹುದಾದ ಸುಮಾರು 150 ಉತ್ಪನ್ನಗಳ ಪಟ್ಟಿ ಕೊಟ್ಟಿದ್ದರು. ಆಡಳಿತ ಮಂಡಳಿ ಒಪ್ಪಲಿಲ್ಲ, ಲೇಬರ್ ಸರ್ಕಾರ ಮೀನಮೇಷ ಎಣಿಸಿತು. ಬಂಡವಾಳ ಎಲ್ಲಿ ಹೂಡಬೇಕೆಂಬ ತೀರ್ಮಾನ ಮಾಲೀಕರದ್ದೇ ಆಗಿರುವವರೆಗೆ ಇಂಥ ಯೋಜನೆ ವಸ್ತುಸಂಗ್ರಹಾಲಯ ಸೇರುತ್ತದೆ. ಸುಧಾರಣೆ ಸಾಕೆನ್ನುವವರಿಗೆ ನನ್ನ ತಕರಾರು ಇದೊಂದೇ.

ನೇರನುಡಿ

ಇಷ್ಟು ಹೊತ್ತು ಎಲ್ಲರೂ ಹೊರಗಿನ ಜಗತ್ತಿನ ಬಗ್ಗೆ ಮಾತನಾಡಿದ್ದೀರಿ. ಸಂಘಟನೆಯ ಒಳಗೆ ಏನು ನಡೆಯುತ್ತದೆಂಬುದನ್ನು ಒಬ್ಬರಾದರೂ ಕೇಳುತ್ತಾರೆಂದು ಕಾದೆ. ನಾನು ಕೆಲವು ವರ್ಷ ಒಂದು ಸಣ್ಣ ಕ್ರಾಂತಿಕಾರಿ ಗುಂಪಿನಲ್ಲಿದ್ದೆ. ಸಮಿತಿಗೆ ಚುನಾವಣೆಯೆಂದರೆ ಹಳೆಯ ಸಮಿತಿಯವರು ತಯಾರಿಸಿದ ಇಡೀ ಪಟ್ಟಿಗೆ ಹೌದೆನ್ನುವುದಷ್ಟೇ ಆಗಿತ್ತು. ಹಿರಿಯರೊಬ್ಬರ ನಡತೆಯ ಮೇಲೆ ಒಬ್ಬ ಹುಡುಗಿ ದೂರು ಕೊಟ್ಟಾಗ ವಿಚಾರಣೆ ನಡೆಸಿದವರು ಅವರ ಗೆಳೆಯರೇ. ದೂರು ಕೊಟ್ಟವಳು ಹೋದಳು, ಅವಳ ಹಿಂದೆ ನಾವೂ ಕೆಲವರು ಹೊರಟೆವು. ಅಮೆರಿಕದ ಇಂಟರ್‌ನ್ಯಾಷನಲ್ ಸೋಷಲಿಸ್ಟ್ ಆರ್ಗನೈಸೇಷನ್ ಇಂಥದೇ ದೂರೊಂದನ್ನು ಹಿಂದಿನ ನಾಯಕರು ಮುಚ್ಚಿಹಾಕಿದ್ದು ಬಯಲಾದ ಮೇಲೆ 2019ರಲ್ಲಿ ತನ್ನನ್ನೇ ವಿಸರ್ಜಿಸಿಕೊಂಡಿತು.

ಶಿಸ್ತು ಬೇಕು, ಮುಷ್ಕರ ನಡೆಸಿದವರಿಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ 1921ರ ಮಾರ್ಚಿನಲ್ಲಿ, ನಾವಿಕರ ಕ್ರಾನ್‌ಸ್ಟಾಟ್ ಬಂಡಾಯದ ನಡುವೆ, ರಷ್ಯಾದ ಪಕ್ಷದ ಹತ್ತನೆಯ ಮಹಾಧಿವೇಶನ ಬಣಗಳನ್ನು ನಿಷೇಧಿಸಿದ ತುರ್ತು ಕ್ರಮವನ್ನೇ ಹಲವು ಗುಂಪುಗಳು ಶಾಶ್ವತ ನಿಯಮ ಮಾಡಿಕೊಂಡಿವೆ. ಅಂತರ್ಯುದ್ಧವಿರಲಿ, ಒಂದು ಬೀದಿಯ ಬೆಂಬಲವೂ ಇಲ್ಲದ ಐವತ್ತು ಜನರ ಗುಂಪಿಗೆ ಈ ನಿಯಮದಿಂದ ಆಗಬೇಕಾದದ್ದೇನು?

ಹಳೆಯ ಸಂಘಟಕ

ನೇರನುಡಿಯವರು ಹೇಳಿದ ಪಟ್ಟಿಪದ್ಧತಿಯನ್ನು ನಾನೂ ಕಂಡಿದ್ದೇನೆ. ಕಾರ್ಮಿಕ ಸಂಘಗಳಲ್ಲಿ ನಮ್ಮ ಮಾತಿಗೆ ಬೆಲೆ ಬರದಿರಲು ಇದೂ ಕಾರಣ: ಕಂಪನಿಯ ಯಜಮಾನನನ್ನು ದಿನವೂ ಎದುರಿಸುವವನು ಸಂಜೆ ಇನ್ನೊಬ್ಬ ಯಜಮಾನನ ಮುಂದೆ ಬಂದು ಕೂರಲು ಇಷ್ಟಪಡುವುದಿಲ್ಲ.

ಮುದ್ರಕ

ಬಣಗಳಿಗೆ ಮುಕ್ತ ಅವಕಾಶ ಕೊಟ್ಟ ಪಕ್ಷಗಳು ಬಣಜಗಳದಲ್ಲೇ ಸೊರಗಿದ್ದನ್ನೂ ನೋಡಿದ್ದೇವೆ. ಬೊಲಿವಿಯಾದಲ್ಲಿ 2005ರಿಂದ ಚುನಾವಣೆಗಳನ್ನು ಗೆಲ್ಲುತ್ತ ಬಂದ ಎಡಪಕ್ಷ ಎಂಎಎಸ್, ಇಬ್ಬರು ನಾಯಕರ ಕಾದಾಟದಲ್ಲಿ ಒಡೆದು 2025ರಲ್ಲಿ ಶೇ. 3ರ ಆಸುಪಾಸಿಗೆ ಕುಸಿಯಿತು.

ನೇರನುಡಿ

ಅದು ಕುರ್ಚಿಗಾಗಿ ನಡೆದ ಜಗಳ. ಅಭಿಪ್ರಾಯಗಳನ್ನು ಬರೆದು, ಮುದ್ರಿಸಿ, ಮತಕ್ಕೆ ಹಾಕಿ, ಸೋತವರೂ ಒಟ್ಟಿಗೆ ಕೆಲಸ ಮಾಡುವ ಪದ್ಧತಿಯೇ ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಹೊಸಬ

ಇಷ್ಟು ದಿನ ಓದುತ್ತಿದ್ದೆ, ಬರೆಯುತ್ತಿರುವುದು ಇದೇ ಮೊದಲು. ನಾವು ಆರು ಜನರಿದ್ದೇವೆ. ಪಕ್ಷವಿಲ್ಲ, ಸಂಘವಿಲ್ಲ, ವಾರಕ್ಕೊಮ್ಮೆ ಸೇರಿ ಓದುತ್ತೇವೆ. ಇಲ್ಲಿ ಹೇಳಿದವುಗಳಲ್ಲಿ ನಾವು ಯಾವುದರಿಂದ ಆರಂಭಿಸಬಹುದು?

ಲೆಕ್ಕಿಗ

ಓದನ್ನು ನಿಲ್ಲಿಸಬೇಡಿ. ಸಿರಿಜಾದ ಎರಡು ವಾರಗಳನ್ನು ವಿವರವಾಗಿ ಓದಿದ ಆರು ಜನ, ಏನನ್ನೂ ಓದದೆ ಬಾವುಟ ಹಿಡಿದ ಆರುನೂರು ಜನರಿಗಿಂತ ಮುಂದೆ ಉಪಯೋಗಕ್ಕೆ ಬರುತ್ತಾರೆ.

ಬಂದರಿನವನು

ಲೆಕ್ಕಿಗರ ಮಾತನ್ನು ಒಪ್ಪಲಾರೆ. ಓದುಕೂಟಗಳು ಓದುಕೂಟಗಳಾಗಿಯೇ ಮುಪ್ಪಾಗುವುದನ್ನು ನಾನು ನೋಡಿದ್ದೇನೆ. ಆ ಆರು ಜನರಲ್ಲಿ ಒಂದೇ ಜಾಗದಲ್ಲಿ ದುಡಿಯುವವರು ಎಷ್ಟು ಜನರಿದ್ದಾರೆ?

ಹೊಸಬ

ಇಬ್ಬರು ಒಂದೇ ಗೋದಾಮಿನಲ್ಲಿದ್ದಾರೆ, ಆದರೆ ಬೇರೆ ಬೇರೆ ಪಾಳಿಯಲ್ಲಿ.

ಬಂದರಿನವನು

ಹಾಗಾದರೆ ಒಳ್ಳೆಯದೇ ಆಯಿತು, ಎರಡು ಪಾಳಿಯ ಸುದ್ದಿಯೂ ನಿಮಗೆ ಸಿಗುತ್ತದೆ. ಯಾವ ವಿಭಾಗ ನಿಂತರೆ ಇಡೀ ಗೋದಾಮು ನಿಲ್ಲುತ್ತದೆ, ಅಲ್ಲಿ ಯಾರ ಮಾತನ್ನು ಉಳಿದವರು ಕೇಳುತ್ತಾರೆ, ಹಿಂದೆ ಯಾವ ವಿಷಯಕ್ಕೆ ಎಲ್ಲರೂ ಒಟ್ಟಾಗಿ ಮೇಲ್ವಿಚಾರಕನ ಬಳಿ ಹೋಗಿದ್ದರು ಎಂಬುದನ್ನು ಆ ಇಬ್ಬರೂ ಬರೆದು ತರಲಿ. ಮುಂದಿನ ವಾರ ಆರೂ ಜನ ಅದನ್ನೇ ಓದಿ.

ಸಂಶಯಜೀವಿ

ನ್ಯೂಯಾರ್ಕಿನ ಸ್ಟೇಟನ್ ಐಲೆಂಡಿನಲ್ಲಿ ಅಮೆಜಾನ್ ಗೋದಾಮಿನವರು 2022ರ ಏಪ್ರಿಲಿನಲ್ಲಿ ಸಂಘದ ಮತದಾನ ಗೆದ್ದರೂ ಎರಡು ವರ್ಷ ಒಪ್ಪಂದವಾಗದೆ, 2024ರಲ್ಲಿ ಟೀಮ್‌ಸ್ಟರ್ಸ್ ಸಂಘದ ಆಸರೆ ಹುಡುಕಬೇಕಾಯಿತೆಂಬುದನ್ನೂ ಹೊಸಬರಿಗೆ ಈಗಲೇ ಹೇಳಿಬಿಡಿ.

ಹೊಸಬ

ಅದನ್ನೂ ಬರೆದುಕೊಂಡಿದ್ದೇನೆ. ಆ ಇಬ್ಬರಲ್ಲಿ ಒಬ್ಬಳು ನಾಳೆ ರಾತ್ರಿಪಾಳಿಗೆ ಹೋಗುತ್ತಾಳೆ; ಮೂರೂ ಪ್ರಶ್ನೆಗಳನ್ನು ಅವಳಿಗೆ ಕಳುಹಿಸಿದ್ದೇನೆ.